ಬೆಳತೂರಿನ ಕಲ್ಲಿನಲ್ಲಿ ಒಂದು ಮನೆಯ ಮಾತು

ಶಾಸನಗಳಲ್ಲಿ ಮನೆ ಹುಡುಕೋಕೆ ಹೊರಟರೆ ಮೊದಲು ಸಿಗೋದು ತೆರಿಗೆ. ಮನೆವಣ, ಮಗ್ಗದೆರೆ, ಗಾಣದೆರೆ, ಮದುವೆಯ ಸುಂಕ. ದಾನಶಾಸನವಾದರೆ ಗದ್ದೆ ತೋಟಗಳ ಲೆಕ್ಕದ ಕೊನೆಗೆ 'ಮನೆ ೧' ಅಂತ ಬರುತ್ತದೆ, ಅಷ್ಟೇ. ಆ ಮನೆಯೊಳಗೆ ಯಾರು ಏನು ಮಾತಾಡಿಕೊಂಡರು ಅನ್ನೋದು ಕಲ್ಲಿಗೆ ಬೇಕಿಲ್ಲ.

ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರು ಶಾಸನ ಇದಕ್ಕೆ ಅಪರೂಪದ ಹೊರತು. ಕಾಲ ಕ್ರಿ.ಶ. 1057, ಶಕ 979. ಚೋಳರ ಆಳ್ವಿಕೆ. ನುಗುನಾಡಿನ ಒಡೆಯ ರವಿಗನ ಮಗಳು ದೇಕಬ್ಬೆ. ಅವಳನ್ನು ಕೊಟ್ಟದ್ದು ನವಿಲೆನಾಡಿನ ಏಚನಿಗೆ. ಏಚ ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದ. ಅದಕ್ಕೆ ಅರಸ ಅವನನ್ನು ತಲಕಾಡಿಗೆ ಒಯ್ಯಿಸಿ ಕೊಲ್ಲಿಸಿದ. ಗಂಡ ಯುದ್ಧದಲ್ಲಿ ಮಡಿದದ್ದಲ್ಲ, ಮರಣದಂಡನೆ ಅನ್ನೋದನ್ನು ಗಮನಿಸಬೇಕು. ಸುದ್ದಿ ತಿಳಿದ ದೇಕಬ್ಬೆ ಬೆಂಕಿ ಹೊಗುತ್ತೇನೆ ಎಂದು ಹೊರಟಳು.

ಮಾಸ್ತಿಕಲ್ಲುಗಳನ್ನು ನೋಡಿದವರಿಗೆ ಗೊತ್ತು: ಕಂಬದಿಂದ ಚಾಚಿದ ಬಳೆ ತೊಟ್ಟ ತೋಳು, ಕೈಯಲ್ಲಿ ನಿಂಬೆಹಣ್ಣು. ಬಹಳಷ್ಟು ಕಡೆ ಹೆಸರೂ ಇರೋದಿಲ್ಲ. ಬೆಳತೂರಿನಲ್ಲಿ ಹಾಗಲ್ಲ. ಬೇಡ, ಸಾಯಬೇಡ ಅಂತ ಅಪ್ಪ, ಅಮ್ಮ, ನಂಟರು ಎಲ್ಲರೂ ತಡೆದರು ಎಂದು ಪದ್ಯದಲ್ಲೇ ಬರೆದಿದೆ. ಅವಳು ಸಿಟ್ಟಾದಳು, ಇಂಥ ಮನೆಯ ಮಗಳು, ಇಂಥವನ ಹೆಂಡತಿ ಅನ್ನುವ ಮಾತು ಮುಂದಿಟ್ಟು ಅವರನ್ನು ಒಪ್ಪಲಿಲ್ಲ. ದಾನಗಳನ್ನು ಕೊಟ್ಟು ಬೆಂಕಿ ಹೊಕ್ಕಳು.

ಕವಿಗೆ ಬೇಕಾಗಿದ್ದದ್ದು ಅವಳ ಹಟ, ಅದರ ಹೊಗಳಿಕೆ. ತಡೆಯುವವರು ಇದ್ದರೆ ತಾನೇ ಹಟ ಕಾಣೋದು? ಹಾಗಾಗಿ ಹೆತ್ತವರ ಮಾತು ಒಳಗೆ ಬಂತು. ಕವಿಯ ಉದ್ದೇಶ ಏನೇ ಇರಲಿ, ನನಗೆ ಈ ಶಾಸನದಲ್ಲಿ ಮುಖ್ಯ ಅನ್ನಿಸೋದು ಆ ಮಾತೇ. ಸಹಗಮನವನ್ನು ಊರೆಲ್ಲ ಸೇರಿ ಒತ್ತಾಯಿಸುತ್ತಿತ್ತು, ಇಲ್ಲವೇ ಎಲ್ಲರೂ ಹೆಮ್ಮೆಪಡುತ್ತಿದ್ದರು ಅಂತ ಸಲೀಸಾಗಿ ಹೇಳಿಬಿಡ್ತೇವೆ. ಇಲ್ಲಿ ಹುಟ್ಟಿದ ಮನೆ ಬೇಡ ಅಂದಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಮಾತೂ ಈ ಮನೆಗೆ ಹೊಂದೋದಿಲ್ಲ: ಮದುವೆಯಾಗಿ ಹೋದ ಮೇಲೂ ದೇಕಬ್ಬೆ ರವಿಗನಿಗೆ ಮಗಳೇ, ಉಳಿಸಿಕೊಳ್ಳಬೇಕಾದವಳೇ.

ಒಂದೇ ಶಾಸನದಿಂದ ಇಡೀ ಕಾಲದ ಕಥೆ ಕಟ್ಟಲಾಗದು, ನಿಜ. ಶಾಸನ ಕಾವ್ಯದ ಮಾದರಿ ಅಂತ ಇದನ್ನು ಪಠ್ಯಗಳಲ್ಲಿ ಓದುತ್ತಾ ಬಂದಿದ್ದೇವೆ. ಮುಂದಿನ ಸಲ ಓದುವಾಗ ದೇಕಬ್ಬೆಯ ಉತ್ತರದಷ್ಟೇ ನಿಧಾನವಾಗಿ ಅವಳ ತಾಯಿ ತಂದೆಯ ಮಾತನ್ನೂ ಓದಿ ನೋಡಿ.