ಮೂವತ್ತೆಂಟು ರೂಪಾಯಿ, ಹದಿಮೂರು ಆಣೆ, ಎರಡು ಪೈ

ಮೇ ತಿಂಗಳು ಬಂತೆಂದರೆ ಮುಂಬಯಿಯ ನಮ್ಮವರೆಲ್ಲ ಊರಿನ ದಾರಿ ಹಿಡಿಯುವುದು ನಿಮಗೆ ಗೊತ್ತಿದ್ದದ್ದೇ. ಹಾಗೆ ಉಡುಪಿಗೆ ಹೋದಾಗ, ಕಾರ್ಪೊರೇಶನ್ ಬ್ಯಾಂಕಿನ ಹಳೆಯ ನಾಣ್ಯ ಸಂಗ್ರಹಾಲಯದಲ್ಲಿ ಒಂದು ದಿನ ಸ್ವಯಂಸೇವಕನಾಗಿ ನಿಂತಿದ್ದೆ. ಸ್ಥಾಪಕರಾದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯೇ ಈಗ ಸಂಗ್ರಹಾಲಯ. ರಜೆಯ ಮಕ್ಕಳ ಜಂಗುಳಿಯಿಂದ ಅಂದು ಕಾಲಿಡಲು ಜಾಗವಿರಲಿಲ್ಲ.

ಬ್ಯಾಂಕು ಹುಟ್ಟಿದ್ದು 1906ರ ಮಾರ್ಚ್ 12ರಂದು, ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಎಂಬ ಹೆಸರಿನಲ್ಲಿ. ಮೂಲ ಬಂಡವಾಳ 5000 ರೂಪಾಯಿ. ಮೊದಲ ದಿನ ಸಂಜೆ ಇದ್ದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇನ್ನೊಂದು ಸಂಸ್ಥೆ ಕಟ್ಟಿದರು, ಇಂದಿನ ಕೆನರಾ ಬ್ಯಾಂಕ್. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದ ಒಂದು ಮೂಲೆ!

ಒಬ್ಬ ಹುಡುಗ ಕೇಳಿದ, "ಅಂಕಲ್, 13 ಆಣೆ 2 ಪೈ ಅಂದ್ರೆ ಎಷ್ಟು ಪೈಸೆ?" ಬಿ.ಕಾಂ. ಓದಿದವನಲ್ಲವೇ, "ಆಣೆಗೆ ನಾಲ್ಕು ಪೈ" ಎಂದು ಠೀವಿಯಿಂದ ಶುರು ಮಾಡಿದೆ.

"ಎಂತ ಮಾರಾಯ, ಆಣೆಗೆ ಹನ್ನೆರಡು ಪೈ. ನಾಲ್ಕು ಅಂದ್ರೆ ಕಾಲಾಣೆ ಲೆಕ್ಕ" ಎಂದಿತು ಹಿಂದಿನಿಂದ ಒಂದು ದನಿ. ಎಂಬತ್ತರ ಆಸುಪಾಸಿನ ಅಜ್ಜಿ. ನನ್ನ ಮುಖ ನೋಡಬೇಕಿತ್ತು ನೀವು...

ಅಜ್ಜಿ ಹೇಳಿದ್ದೇ ಸರಿ. ಹುಡುಗ ಮೊಬೈಲಿನಲ್ಲಿ ಗುಣಿಸಿ 7454 ಪೈ ಎಂದ. ಇಂದಿನ ಲೆಕ್ಕದಲ್ಲಿ 38 ರೂಪಾಯಿ 82 ಪೈಸೆ.

ಆಮೇಲೆ ಅಜ್ಜಿಯದೇ ಪಾಠ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲವಲ್ಲ, ಆದ್ದರಿಂದ ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25. "ನಾಲ್ಕಾಣೆ ಸಾಮಾನು ಬೇಕಾದ್ರೆ ಅಪ್ಪ ನನ್ನನ್ನು ನಾಲ್ಕು ಸಲ ಅಂಗಡಿಗೆ ಓಡಿಸ್ತಿದ್ರು, ಸಲಕ್ಕೆ ಒಂದಾಣೆಯದ್ದು. ಒಂದು ಪೈಸೆ ಉಳೀತದಲ್ಲ!" ಮಕ್ಕಳು ಬಿದ್ದು ಬಿದ್ದು ನಕ್ಕವು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಇಷ್ಟೊಂದು ಬ್ಯಾಂಕುಗಳು ಯಾಕೆ ಹುಟ್ಟಿದವೆಂದು ಕೇಳುವವರಿಗೆ ನಾನಿನ್ನು ಈ ಅಪ್ಪನ ಕಥೆಯನ್ನೇ ಹೇಳುವವನು.

ಜನ ಸ್ವಲ್ಪ ಕರಗಿದ ಮೇಲೆ ಅಜ್ಜಿ ಚೀಲದಿಂದ ಪಾಸ್‌ಬುಕ್ ತೆಗೆದರು. ಅವರು ನಾಣ್ಯ ನೋಡಲು ಬಂದದ್ದೇ ಅಲ್ಲ. ಕಾರ್ಪೊರೇಶನ್ ಬ್ಯಾಂಕಿನ ಹೆಸರು ಬೇರೆಲ್ಲೂ ಕಾಣಲಿಲ್ಲ, ಇಲ್ಲಿದೆ ಎಂದು ಯಾರೋ ಹೇಳಿದರಂತೆ. ಕೊನೆಯ ನಮೂದು 2012ರದ್ದು.

"ನನ್ನ ದುಡ್ಡು ಎಲ್ಲಿ ಹೋಯ್ತು ಮಗಾ?"

ಅವರನ್ನು ಕೂರಿಸಿ ಹೇಳಿದೆ. 2020ರ ಏಪ್ರಿಲ್ 1ರಂದು ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. (ನಮ್ಮ ಬ್ಯಾಂಕಿನವರ ಯುಗಾದಿ ಯಾವಾಗಲೂ ಏಪ್ರಿಲ್ ಒಂದಕ್ಕೇ!) ಖಾತೆಗಳೆಲ್ಲ ಅಲ್ಲಿಗೇ ಹೋದವು. ಹತ್ತು ವರ್ಷ ಯಾರೂ ಮುಟ್ಟದ ಹಣ 2014ರ ಯೋಜನೆಯಂತೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೆ ಖಾತೆದಾರರ ಹಕ್ಕು ಹೋಗುವುದಿಲ್ಲ, ಬ್ಯಾಂಕಿಗೆ ಅರ್ಜಿ ಕೊಟ್ಟು ಕೇಳಬಹುದು.

ಅಜ್ಜಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಪೈ ಲೆಕ್ಕ ತಪ್ಪಿದವನ ಮಾತು ತಾನೇ! ಮರುದಿನ ಹತ್ತು ಗಂಟೆಗೆ ನಾನೇ ಶಾಖೆಗೆ ಜೊತೆಯಾಗಿ ಹೋದೆ. ಅರ್ಜಿ, ಆಧಾರ್ ಪ್ರತಿ, ಸಹಿ ಎಲ್ಲ ಆಯಿತು. ಪಾಸ್‌ಬುಕ್ ಮಾತ್ರ ಅಜ್ಜಿ ಕೈಬಿಡಲಿಲ್ಲ. ಜೆರಾಕ್ಸ್ ಮಾಡಿಸುವಾಗಲೂ ಅಂಗಡಿಯವನ ಕೈಯನ್ನೇ ನೋಡುತ್ತ ನಿಂತಿದ್ದರು.