ಸರ್ಪಗಂಧಿ: ಮನೋರೋಗದ ಮದ್ದೊಂದರ ಚರಿತ್ರೆ

1931ರಲ್ಲಿ ಕಲ್ಕತ್ತೆಯ ‘ಇಂಡಿಯನ್ ಮೆಡಿಕಲ್ ವರ್ಲ್ಡ್’ ಪತ್ರಿಕೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರ ಲೇಖನವೊಂದು ಪ್ರಕಟವಾಯಿತು. ಉನ್ಮಾದಕ್ಕೂ ರಕ್ತದ ಏರೊತ್ತಡಕ್ಕೂ ಉಪಯುಕ್ತವಾದ ಒಂದು ಬೇರನ್ನು ಅವರು ಅದರಲ್ಲಿ ಪರಿಚಯಿಸಿದ್ದರು. ಸೇನರು ಆಯುರ್ವೇದ ಮತ್ತು ಪಾಶ್ಚಾತ್ಯ ವೈದ್ಯ ಎರಡನ್ನೂ ಕಲಿತಿದ್ದ ಕವಿರಾಜರು. ಬೋಸರು ವೈದ್ಯರಾಗಿದ್ದಂತೆಯೇ ಔಷಧ ತಯಾರಿಕೆಯಲ್ಲೂ ಪಳಗಿದವರು. ಬೇರಿನ ಪುಡಿಯನ್ನು ದಿನಕ್ಕೆ ಎರಡು ಬಾರಿ 20ರಿಂದ 30 ಗ್ರೈನ್, ಅಂದರೆ ಸುಮಾರು 1.3ರಿಂದ 2 ಗ್ರಾಂ ಪ್ರಮಾಣದಲ್ಲಿ ಕೊಟ್ಟರೆ ರೋಗಿಗೆ ನಿದ್ರೆ ಬರುತ್ತದೆ, ಒತ್ತಡ ಇಳಿಯುತ್ತದೆ, ಆವೇಶ ತಗ್ಗುತ್ತದೆ, ಸಾಮಾನ್ಯವಾಗಿ ವಾರದೊಳಗೆ ಬುದ್ಧಿ ಸ್ವಸ್ಥಿತಿಗೆ ಮರಳುತ್ತದೆ ಎಂದು ಅವರು ವರದಿ ಮಾಡಿದರು. ಉನ್ಮತ್ತನನ್ನು ಕಟ್ಟಿಹಾಕುವುದಲ್ಲದೆ ಬೇರೆ ದಾರಿ ಹೆಚ್ಚಾಗಿ ತಿಳಿಯದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆ ಗಿಡವೇ ಸರ್ಪಗಂಧಿ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಸಸ್ಯಶಾಸ್ತ್ರದಲ್ಲಿ ಇದರ ಕುಲದ ಹೆಸರು ರಾವೋಲ್ಫಿಯಾ. 16ನೆಯ ಶತಮಾನದ ಜರ್ಮನ್ ವೈದ್ಯ ಲಿಯೊನಾರ್ಡ್ ರಾವೋಲ್ಫನ ಸ್ಮರಣೆಗಾಗಿ, ಅವನು ತೀರಿಕೊಂಡು ನೂರು ವರ್ಷಗಳಾದ ಮೇಲೆ, ಪ್ಲೂಮಿಯೆ ಎಂಬ ಫ್ರೆಂಚ್ ಸಸ್ಯಜ್ಞ ಇಟ್ಟ ಹೆಸರದು. ಭಾರತಕ್ಕೆ ಕಾಲಿಡದ ವೈದ್ಯನ ಹೆಸರು ಭಾರತದ ಬೇರಿಗೆ ಅಂಟಿಕೊಂಡಿತು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ‘ಸರ್ಪಗಂಧಾ’ ಎಂಬ ಮಾತು ಹೆಚ್ಚಾಗಿ ವಿಷಚಿಕಿತ್ಸೆಯ ಸಂದರ್ಭದಲ್ಲಿ ಬರುತ್ತದೆ; ಅಲ್ಲಿ ಹೇಳಿರುವುದು ಇದೇ ಗಿಡವನ್ನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿಷವೈದ್ಯಕ್ಕೆ ಪ್ರತ್ಯೇಕ ಶಾಸ್ತ್ರದ ಸ್ಥಾನವಿದ್ದುದನ್ನು ಕನ್ನಡ ಓದುಗರು ಜೈನಕವಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಿಂದ ಬಲ್ಲರು. ಆದರೆ ಸರ್ಪಗಂಧಿಯನ್ನು ಮನೋರೋಗಕ್ಕೆ ಬಳಸುವ ತಿಳಿವನ್ನು ಕಾಪಾಡಿಕೊಂಡು ಬಂದವರು ಮುಖ್ಯವಾಗಿ ಗ್ರಂಥಕರ್ತರಲ್ಲ, ಜನಸಾಮಾನ್ಯರು. ಬಿಹಾರದ ಸಂತೆಗಳಲ್ಲಿ ಈ ಬೇರು ‘ಪಾಗಲ್ ಕೀ ದವಾ’, ಅಂದರೆ ಹುಚ್ಚಿನ ಮದ್ದು, ಎಂಬ ಹೆಸರಿನಲ್ಲಿಯೇ ಮಾರಾಟವಾಗುತ್ತಿತ್ತು.

ಅದೇ ಹೊತ್ತಿಗೆ ದೆಹಲಿಯಲ್ಲಿ ಮತ್ತೊಂದು ಪ್ರಯತ್ನ ನಡೆದಿತ್ತು. ಯುನಾನಿ ವೈದ್ಯರೂ ರಾಷ್ಟ್ರೀಯ ನಾಯಕರೂ ಆಗಿದ್ದ ಹಕೀಮ್ ಅಜ್ಮಲ್ ಖಾನರು ಸ್ಥಾಪಿಸಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದ್ದರು. ದೇಶೀಯ ಔಷಧಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗಲ್ಲಿಗೆ ಹಚ್ಚಬೇಕೆಂಬುದು ಖಾನರ ಹಂಬಲ. ಫ್ರಾಂಕ್‌ಫರ್ಟ್‌ನಲ್ಲಿ ಡಾಕ್ಟರೇಟ್ ಪಡೆದು ಬಂದ ಸಲೀಮುಜ್ಜಮಾನ್ ಸಿದ್ದಿಕಿ ಅವರಿಗೆ ಆ ಕೆಲಸ ಒಪ್ಪಿತವಾಯಿತು. ಆದರೆ ಖಾನರು 1927ರ ಕೊನೆಯಲ್ಲೇ ನಿಧನ ಹೊಂದಿದ್ದರು. 1931ರಲ್ಲಿ ಸಿದ್ದಿಕಿ ಅವರು ರಫತ್ ಹುಸೇನ್ ಸಿದ್ದಿಕಿ ಅವರೊಡನೆ ಸರ್ಪಗಂಧಿಯ ಬೇರಿನಿಂದ ಐದು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಮೂರಕ್ಕೆ ಅಜ್ಮಲೀನ್, ಅಜ್ಮಲಿನೀನ್, ಅಜ್ಮಲಿಸೀನ್ ಎಂದು ಹೆಸರಿಟ್ಟು ಗುರುಋಣವನ್ನು ತೀರಿಸಿದರು.

ಇಲ್ಲಿಂದ ಮುಂದಿನ ಹೆಜ್ಜೆ ಸುಗಮವಾಗಬೇಕಿತ್ತು. ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಔಷಧಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಮನಾಥ ಚೋಪ್ರಾ ಮತ್ತು ಸಂಗಡಿಗರು 1933ರಲ್ಲಿ ಇದರ ಆಲ್ಕಲಾಯ್ಡೊಂದರ ಪ್ರಭಾವವನ್ನು ಪರೀಕ್ಷಿಸಿ ಪ್ರಕಟಿಸಿದರು. ಆದರೆ ಶುದ್ಧಗೊಂಡ ಹರಳುಗಳಲ್ಲಿ, ಸೇನ್ ಮತ್ತು ಬೋಸರು ಕಂಡ ಶಾಮಕ ಗುಣಕ್ಕೆ ವಿವರಣೆ ಸಿಗಲಿಲ್ಲ. ಕಾರಣ ಸರಳವಾದುದೇ. ಆಲ್ಕಲಾಯ್ಡ್‌ಗಳು ಕ್ಷಾರಗುಣದವು, ಆಮ್ಲದಲ್ಲಿ ಕರಗಿಸಿ ಅವನ್ನು ಹೊರತೆಗೆಯುವುದು ರೂಢಿಯ ಕ್ರಮ. ಮನಸ್ಸನ್ನು ಶಮನಗೊಳಿಸುವ ದ್ರವ್ಯದ ಕ್ಷಾರಗುಣ ಬಹಳ ದುರ್ಬಲವಾದುದರಿಂದ ಅದು ಈ ಜರಡಿಗೆ ಸಿಕ್ಕದೆ, ಹಿಂದೆ ಉಳಿದ ಜಿಗುಟು ರಾಳದಲ್ಲಿ ಅಡಗಿತ್ತು. ಬೇರನ್ನು ಇಡಿಯಾಗಿ ಅರೆದು ಕೊಡುತ್ತಿದ್ದ ನಾಟಿ ವೈದ್ಯನ ಪುಡಿಯಲ್ಲಿ ಇದ್ದದ್ದು, ರಸಾಯನಜ್ಞನು ಸೋಸಿ ತೆಗೆದ ಹರಳುಗಳಲ್ಲಿ ಇರಲಿಲ್ಲ.

ಕಲ್ಕತ್ತೆಯವರು ಇದನ್ನು ಗಮನಿಸಲಿಲ್ಲವೆಂದರೆ ಅನ್ಯಾಯವಾದೀತು. ಜೆ. ಸಿ. ಗುಪ್ತ ಮತ್ತು ಸಂಗಡಿಗರು 1943ರಲ್ಲಿ ಮನೋರೋಗಿಗಳ ಮೇಲೆ ನಡೆಸಿದ ಪ್ರಾಥಮಿಕ ಅವಲೋಕನಗಳನ್ನು ಪ್ರಕಟಿಸಿದರು. ಮರುವರ್ಷವೇ ರಾಳದ ಭಾಗಕ್ಕೆ ನಿದ್ರಾಜನಕ ಶಕ್ತಿಯಿದೆ ಎಂದು ತೋರಿಸಿದರು. ಬಾಗಿಲಿನವರೆಗೆ ಬಂದವರು ಒಳಗೆ ಹೋಗಲಿಲ್ಲ. ಅದು ಮಹಾಯುದ್ಧದ ಕಾಲ, ಬಂಗಾಳ ಕ್ಷಾಮದ ಕಾಲ ಎಂಬುದೂ ನಿಜ. ಆದರೆ ಇನ್ನೂ ಆಳವಾದ ಕೊರತೆ ಶಿಕ್ಷಣದಲ್ಲಿತ್ತು. ಚೋಪ್ರಾ ಅವರ ಅಧ್ಯಕ್ಷತೆಯ 1930–31ರ ಔಷಧ ವಿಚಾರಣಾ ಸಮಿತಿಯ ಮುಂದಿದ್ದ ದೇಶದಲ್ಲಿ ಔಷಧ ಬೆರೆಸಿ ಕೊಡುವವನು ಕಾಂಪೌಂಡರ್ ಮಾತ್ರ. ಫಾರ್ಮಸಿ ಎಂಬ ವಿದ್ಯೆಗೆ ವಿಶ್ವವಿದ್ಯಾಲಯದಲ್ಲಿ ಪೀಠವಿರಲಿಲ್ಲ. ಮಹಾದೇವಲಾಲ್ ಶ್ರಾಫ್ ಅವರ ಶ್ರಮದಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ಔಷಧ ರಸಾಯನಶಾಸ್ತ್ರದ ಬೋಧನೆ, 1937ರಲ್ಲಿ ಬಿ.ಫಾರ್ಮ್ ಪದವಿ ಆರಂಭವಾದವು. ಫಾರ್ಮಸಿ ಕಾಯ್ದೆ ಬಂದದ್ದು 1948ರಲ್ಲಿ. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಇಂದಿನ ನಿಮ್ಹಾನ್ಸ್‌ನ ಪೂರ್ವರೂಪ, ಬೆಂಗಳೂರಿನಲ್ಲಿ ಸ್ಥಾಪನೆಗೊಂಡದ್ದು 1954ರಲ್ಲಿ. ಬೇರನ್ನು ಬಲ್ಲ ವೈದ್ಯ ಒಂದೆಡೆ, ಹರಳು ತೆಗೆಯುವ ರಸಾಯನಜ್ಞ ಮತ್ತೊಂದೆಡೆ, ರೋಗಿಯಿರುವ ಆಸ್ಪತ್ರೆ ಮಗದೊಂದೆಡೆ. ಮೂವರೂ ಒಂದೇ ಸೂರಿನಡಿ ಕುಳಿತು ವರ್ಷಗಟ್ಟಲೆ ಕೆಲಸ ಮಾಡುವ ಏರ್ಪಾಡು ಇರಲಿಲ್ಲ.

ಆ ಏರ್ಪಾಡು ಇದ್ದುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ ಅವರು ಏರೊತ್ತಡದ 50 ರೋಗಿಗಳಿಗೆ ಸರ್ಪಗಂಧಿ ಕೊಟ್ಟು ಕಂಡ ಫಲಿತಾಂಶವನ್ನು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದಾಗ ಪಶ್ಚಿಮದ ಗಮನ ಬೇರಿನತ್ತ ಹೊರಳಿತು. ಸೀಬಾ ಕಂಪನಿಯ ಮ್ಯೂಲರ್, ಶ್ಲಿಟ್ಲರ್ ಮತ್ತು ಬೈನ್ ಅವರು ಉಪೇಕ್ಷಿತ ರಾಳವನ್ನೇ ಶೋಧಿಸಿ 1952ರಲ್ಲಿ ರಿಸರ್ಪಿನ್ ಎಂಬ ಹರಳನ್ನು ಹೊರತೆಗೆದರು. ‘ಸರ್ಪಸಿಲ್’ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದಿತು. 1954ರಲ್ಲಿ ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಆಸ್ಪತ್ರೆಯ ನೇಥನ್ ಕ್ಲೈನ್ ಅವರು ಮನೋರೋಗಿಗಳಲ್ಲಿ ಅದರ ಪರಿಣಾಮವನ್ನು ವರದಿ ಮಾಡಿದರು. 1957ರ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ಕ್ಲೈನ್ ಇದ್ದರು, ವಕೀಲರೂ ಇದ್ದರು. ಸೇನ್ ಮತ್ತು ಬೋಸರ ಹೆಸರು ಅಡಿಟಿಪ್ಪಣಿಗಳಲ್ಲಿ ಉಳಿಯಿತು.

ನಾಟಿ ಮದ್ದೆಂದರೆ ನಿರಪಾಯವೆಂದು ನಂಬುವವರು ಗಮನಿಸಬೇಕಾದ ಭಾಗ ಮುಂದಿದೆ. ಒತ್ತಡಕ್ಕಾಗಿ ರಿಸರ್ಪಿನ್ ಸೇವಿಸಿದ ಕೆಲವರಲ್ಲಿ ತೀವ್ರ ಖಿನ್ನತೆ ಕಾಣಿಸಿಕೊಂಡ ವರದಿಗಳು ಬರತೊಡಗಿದವು. ಇದು ಮಿದುಳಿನ ಸೆರೊಟೋನಿನ್ ಪ್ರಮಾಣವನ್ನು ಇಳಿಸುತ್ತದೆಂದು ಅಮೆರಿಕದ ಬ್ರೋಡಿ ಮತ್ತು ಸಂಗಡಿಗರು 1955ರಲ್ಲಿ ತೋರಿಸಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ರಿಸರ್ಪಿನ್‌ನಿಂದ ನಿಶ್ಚಲವಾಗಿ ಬಿದ್ದಿದ್ದ ಮೊಲಗಳಿಗೆ ಎಲ್-ಡೋಪಾ ಕೊಟ್ಟಾಗ ಅವು ಎದ್ದು ಓಡಾಡಿದವು. ಡೋಪಮೈನ್ ಕುರಿತ ಆ ಸಂಶೋಧನಾ ಸರಣಿಗೆ 2000ದ ನೊಬೆಲ್ ಸಂದಿತು. ಖಿನ್ನತೆಗೆ ಮಿದುಳಿನ ರಾಸಾಯನಿಕಗಳ ಕೊರತೆಯೇ ಮೂಲವೆಂಬ, ಇಂದು ಮರುಪರಿಶೀಲನೆಗೆ ಒಳಗಾಗಿರುವ ವಾದಕ್ಕೂ ಈ ಬೇರೇ ಒಂದು ಆಧಾರವಾಯಿತು. ಮದ್ದಾಗಿ ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಅದು ಪ್ರಶ್ನೆಯಾಗಿ ಕೊಟ್ಟಿತೆನ್ನಬಹುದು. ಕ್ಲೋರ್‌ಪ್ರೊಮಜೀನ್ ಮತ್ತು ಅದರ ನಂತರದ ಔಷಧಗಳು ಬಂದ ಮೇಲೆ ಮನೋವೈದ್ಯದಲ್ಲಿ ರಿಸರ್ಪಿನ್ ಬಳಕೆ ಕ್ಷೀಣಿಸಿತು.

ಬೇಡಿಕೆಯ ದಿನಗಳಲ್ಲಿ ಕಾಡುಗಳಿಂದ ಬೇರನ್ನು ಅಗೆದ ಪರಿಣಾಮವಾಗಿ ಸರ್ಪಗಂಧಿ ಇಂದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಸಲೀಮುಜ್ಜಮಾನ್ ಸಿದ್ದಿಕಿ 1951ರಲ್ಲಿ ಪಾಕಿಸ್ತಾನಕ್ಕೆ ತೆರಳಿ, 1994ರವರೆಗೆ ಬದುಕಿದರು. ಅವರು ಬೇರ್ಪಡಿಸಿದ ಅಜ್ಮಲೀನ್ ಮನಸ್ಸಿಗೆ ಮದ್ದಾಗಲಿಲ್ಲ. ಬ್ರುಗಾಡಾ ಎಂಬ ಹೃದಯದೋಷವನ್ನು ಪತ್ತೆಹಚ್ಚಲು ಯುರೋಪಿನ ಆಸ್ಪತ್ರೆಗಳಲ್ಲಿ ಅದನ್ನು ಇಂದಿಗೂ ಬಳಸುತ್ತಾರೆ. ದೆಹಲಿಯ ಹಕೀಮರೊಬ್ಬರ ಹೆಸರನ್ನು ಅಲ್ಲಿಯ ವೈದ್ಯರು ಅರಿತೋ ಅರಿಯದೆಯೋ ಉಚ್ಚರಿಸುತ್ತಿದ್ದಾರೆ.