ಮನಿ ಬಾಜೂಕ ಬಂಡೆಗಲ್ಲು ಒಡಿಯೂದರ ಕತಿ

ಹೋದ ಸಲ ಹಿಟ್ಟಿನ ಗಿರಣಿ ಕತಿ ಬರದಿದ್ದೆ. ಈ ಸಲ ಕಲ್ಲಿನ ಕತಿ. "ನಿನಗ್ಯಾಕವಾ ಕಲ್ಲು, ಮದ್ದಿನ ಉಸಾಬರಿ" ಅಂತ ನಗಬ್ಯಾಡ್ರಿ. ನಮ್ಮ ಕಡೆ ಊರೊಳಗ ಛಲೋ ನೆಲ ಎಲ್ಲಾ ಯಾವಾಗೋ ಮನಿ ಆಗಿ ಹೋಗ್ಯಾವ. ಈಗ ಉಳದದ್ದು ಬಂಡೆಗಲ್ಲು ಇರೋ ಜಾಗಾನ. ಯಾರರ ಪಾಯಾ ತೋಡಾಕ ನಿಂತ್ರ ಎರಡಡಿಗೆ ಕಲ್ಲು ಹತ್ತತೈತಿ, ಆಮ್ಯಾಲ "ಮದ್ದಿಟ್ಟು ಹಾರಿಸಿಬಿಡೂಣು" ಅನ್ನೋ ಮಾತು ಬರತೈತಿ. ಹಾರಸಾವರು ಸಂಜಿಗೆ ತಮ್ಮ ಊರಿಗೆ ಹೋಗ್ತಾರ. ಗ್ವಾಡಿ, ತೊಟ್ಟಿಲು, ದೇವರ ಜಗಲಿ ನಮ್ಮವು. ಅದಕ್ಕ ಈ ವಿದ್ಯಾ ಎಲ್ಲಿಂದ ಬಂತು, ಹ್ಯಾಂಗ ಪಳಗಿತು ಅನ್ನೂದು ನಮಗೂ ಗೊತ್ತಿರಬೇಕು.

ಮೊದಲು ನಮ್ಮ ಹಂಪಿಯಿಂದನ ಸುರು ಮಾಡೂಣು. ಜಾತ್ರಿಗೆ ಹೋದಾಗ ಗುಡಿ ನೋಡ್ತೀವಿ, ರಥ ನೋಡ್ತೀವಿ. ಮುಂದಿನ ಸಲ ಹೋದಾಗ ಬದಿಗೆ ಬಿದ್ದಿರೋ ದೊಡ್ಡ ಗುಂಡುಗಳನ್ನೂ ಒಂದೀಟು ನೋಡ್ರಿ. ಅಂಚಿಗುಂಟ ಸಾಲಾಗಿ ಸಣ್ಣ ಸಣ್ಣ ಗುಣಿ ಕಾಣತಾವ, ಸೀರಿ ಸೆರಗಿಗೆ ಹಾಕಿದ ಹೊಲಿಗಿ ಹಂಗ. ಅವು ಬೆಣೆ ಬಡಿಯಾಕ ಕಡದ ಗುಣಿ. ಉಳಿ, ಸುತ್ತಿಗಿಯಿಂದ ಗೆರಿಗುಂಟ ಗುಣಿ ಕಡದು, ಅದರಾಗ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೊಂದ ಪೆಟ್ಟು ಕೊಡಕೋತ ಹೋಗೂದು. ಒಂದ ಬೆಣೆಗೆ ಪೂರಾ ಬಲ ಹಾಕೂದಿಲ್ಲ, ಎಲ್ಲಾ ಬೆಣೆಗೂ ಸಮ ಬಿಗಿ ಬರಬೇಕು. ಒಣ ಕಟ್ಟಿಗಿ ಬೆಣೆ ಬಡದು ನೀರು ಹಾಕಿ ಉಬ್ಬಿಸ್ತಿದ್ರು ಅಂತನೂ ಹೇಳ್ತಾರ. ಹಂಪಿ ಸುತ್ತಿನ ಈ ಕಲ್ಲು ಸುಮಾರು 250 ಕೋಟಿ ವರ್ಷ ಹಳೇದು, ಕಬ್ಬಿಣದಂಥಾ ಕಲ್ಲು. ಅಂಥಾದ್ದು ಗೆರಿ ಹಿಡಿದು ಎರಡು ಹೋಳು ಆಗತಿತ್ತು. ಬಾಜೂಕ ನಿಂತವರಿಗೆ ಒಂದು ಚೂರೂ ಹಾರತಿರಲಿಲ್ಲ.

ಇದನ್ನ ನೆನಪಿಟ್ಟುಕೋರಿ: ಮೊದಲು ಗೆರಿ, ಆಮ್ಯಾಲ ಪೆಟ್ಟು. ಮದ್ದು ಬಂದ ಮ್ಯಾಲ ಜಗತ್ತು ಈ ಮಾತು ಮರೀತು. ಹೊಳ್ಳಿ ಕಲಿಯಾಕ ಮುನ್ನೂರು ವರ್ಷಕ್ಕಿಂತ ಹೆಚ್ಚು ಬೇಕಾತು.

ಗಣಿಯೊಳಗ ಕರಿಮದ್ದು ಇಟ್ಟು ಕಲ್ಲು ಸಿಡಿಸಿದ್ದರ ಹಳೇ ದಾಖಲೆ 1627ರದು. ಈಗ ಸ್ಲೊವಾಕಿಯಾ ಅಂತೀವಲ್ಲ, ಆ ದೇಶದಾಗಿನ ಬಾನ್ಸ್ಕಾ ಶ್ಟಿಯಾವ್ನಿತ್ಸಾ ಅನ್ನೋ ಗಣಿ ಊರಾಗ ಕಾಸ್ಪರ್ ವೈಂಡ್ಲ್ ಅನ್ನಾವ ಮಾಡಿ ತೋರಿಸಿದ. ಅದಕ್ಕೂ ಮೊದಲು ಕಲ್ಲಿಗೆ ಬೆಂಕಿ ಹಚ್ಚಿ ಕಾಸಿ ಸೀಳತಿದ್ರು. ಕಾದ ಹಂಚಿನ ಮ್ಯಾಲ ತಣ್ಣೀರು ಬಿದ್ರ ಏನಾಗತೈತಿ ಅನ್ನೂದು ನಮಗ ಗೊತ್ತಲ್ಲ, ಅದ ಉಪಾಯ. ಮದ್ದು ಬಂದ ಮ್ಯಾಲ ವಾರದ ಕೆಲಸ ದಿನದಾಗ ಆಗಾಕ ಹತ್ತಿತು, ಆದ್ರ ಯಾವಾಗ ಹಾರತೈತಿ ಅನ್ನೂದು ಯಾರ ಕೈಯಾಗೂ ಇರಲಿಲ್ಲ. ಹುಲ್ಲುಕಡ್ಡಿಯೊಳಗ, ಹಕ್ಕಿ ಪುಕ್ಕದ ಕೊಳವಿಯೊಳಗ ಮದ್ದು ತುಂಬಿ ಬತ್ತಿ ಮಾಡ್ತಿದ್ರು. ಒಂದು ಬತ್ತಿ ಗಕ್ಕನ ಉರದು ಹೋಗೂದು, ಇನ್ನೊಂದು ನಡುವನ ಮಿಣಮಿಣ ಅನಕೋತ ಕುಂದ್ರೂದು. "ಆರಿರಬೇಕು" ಅಂತ ನೋಡಾಕ ಹೋದವರು ಹೊಳ್ಳಿ ಬರತಿರಲಿಲ್ಲ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಾಗ ಗಣಿ ಭಾಳ. ಅಲ್ಲಿ ಹಿಂಗ ಸತ್ತವರನ್ನ, ಕೈ ಕಣ್ಣು ಕಳಕೊಂಡವರನ್ನ ನೋಡಿ ವಿಲಿಯಂ ಬಿಕ್‌ಫೋರ್ಡ್ ಅನ್ನೋ ಚರ್ಮದ ವ್ಯಾಪಾರಿಗೆ ಸಂಕಟ ಆತು. ಒಂದಿನ ಗೆಳೆಯನೊಬ್ಬ ಹಗ್ಗ ಹೊಸಿಯೂದು ನೋಡ್ತಿದ್ನಂತ. ಆ ನೂಲಿನ ನಡುವ ಮದ್ದಿನ ಎಳಿ ಸೇರಿಸಿ ಹೊಸದ್ರ ಹ್ಯಾಂಗ ಅಂತ ಹೊಳೀತು. ಸೆಣಬಿನ ನೂಲು ಸುತ್ತಿ, ಮ್ಯಾಲ ಡಾಂಬರು ಸವರಿದ ಈ ಬತ್ತಿಗೆ 1831ರಾಗ ಪೇಟೆಂಟ್ ಸಿಕ್ಕಿತು. ಒಂದಡಿ ಉರಿಯಾಕ ಸುಮಾರು ಅರ್ಧ ನಿಮಿಷ. ಹತ್ತಡಿ ಬಿಟ್ರ ಐದು ನಿಮಿಷ ಅಂತ ಲೆಕ್ಕ ಹಾಕಿ ದೂರ ಹೋಗಿ ನಿಲ್ಲಬಹುದು. ಸಿಡಿಯೂ ಹೊತ್ತು ಮನುಷ್ಯಾನ ಕೈಗೆ ಬಂತು.

ಕಾರ್ನ್‌ವಾಲ್ ಮಂದಿಗೂ ನಮಗೂ ನಂಟು ಐತ್ರಿ. 1880ರ ದಶಕದಾಗ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೋಲಾರದ ಬಂಗಾರದ ಗಣಿ ಹಿಡಿದಾಗ ಕೆಲಸ ಕಲಿಸಾಕ ಬಂದವರೊಳಗ ಅವರ ಭಾಳ. ಆ ಗಣಿ ಮೂರು ಕಿಲೋಮೀಟರ್‌ಗಿಂತ ಹೆಚ್ಚು ಆಳಕ್ಕ ಹೋಗಿ, 2001ರಾಗ ಮುಚ್ಚಿತು. ಅಷ್ಟು ಆಳದಾಗ ಕಲ್ಲು ತನ್ನ ಭಾರಕ್ಕ ತಾನ ಸಿಡಿಯೂದು ಇರತಿತ್ತು, ಮ್ಯಾಲಿನ ಮನಿಗಳಿಗೂ ಪೆಟ್ಟು ಬಿದ್ದೈತಿ. ಅಂಥಾ ಜಾಗಾದಾಗನ 1988ರಾಗ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಸುರು ಆತು. ಇವತ್ತು ನಮ್ಮ ದೇಶದಾಗ ಅಣೆಕಟ್ಟಿನ ಹತ್ರ, ಮನಿಗಳ ಹತ್ರ ಕಲ್ಲು ಸಿಡಿಸಬೇಕಾದ್ರ ನೆಲ ಎಷ್ಟು ನಡಗತೈತಿ ಅಂತ ಅಳದು ಹೇಳಾವರೊಳಗ ಆ ಸಂಸ್ಥೆದವರೂ ಅದಾರ.

ಈಗ ಸ್ವೀಡನ್ನಿಗೆ ಹೋಗೂಣು, ಯಾಕಂದ್ರ ಕರಿಮದ್ದಿನ ಜಾಗಾಕ್ಕ ಬಂದ ದೊಡ್ಡ ಮದ್ದು ಅಲ್ಲೀದು. ನೈಟ್ರೋಗ್ಲಿಸರಿನ್ ಅನ್ನೋ ಎಣ್ಣಿಯಂಥಾ ಮದ್ದನ್ನ ಇಟಲಿಯ ಸೊಬ್ರೆರೊ 1847ರಾಗ ಕಂಡುಹಿಡಿದಿದ್ದ. ಆದ್ರ ಅದು ಬರೇ ಅಲುಗಾಡಿದ್ರೂ ಸಿಡಿಯೂ ಜಾತಿ. ಆಲ್ಫ್ರೆಡ್ ನೊಬೆಲ್ ಮತ್ತು ಅವರ ಮನಿಯವರು ಸ್ಟಾಕ್‌ಹೋಮ್ ಪಟ್ಟಣದಾಗ ಇದನ್ನ ತಯಾರ ಮಾಡ್ತಿದ್ರು. 1864ರ ಸೆಪ್ಟೆಂಬರ್ 3ಕ್ಕ ಆ ಜಾಗಾ ಹಾರಿ ಹೋತು. ಸತ್ತವರೊಳಗ ಆಲ್ಫ್ರೆಡ್ಡನ ತಮ್ಮ ಎಮಿಲ್, ಇನ್ನೂ ಇಪ್ಪತ್ತರ ಹುಡುಗ. ಪಟ್ಟಣದವರು "ಮನಿಗಳ ನಡುವ ಈ ಕೆಲಸ ಬ್ಯಾಡ" ಅಂತ ತಡದ್ರು. ನೊಬೆಲ್ ಸರೋವರದಾಗ ಒಂದು ದೋಣಿ ನಿಲ್ಲಿಸಿಕೊಂಡು ಅದರ ಮ್ಯಾಲ ಕೆಲಸ ಮುಂದುವರಿಸಿದ. ಆಮ್ಯಾಲ ಆ ಎಣ್ಣಿಯನ್ನ ಒಂದು ಜಾತಿ ಹಗುರ ಮಣ್ಣಿಗೆ ಕುಡಿಸಿ ಉಂಡಿ ಕಟ್ಟುವಂಗ ಮಾಡಿ, 1867ರಾಗ ಡೈನಮೈಟ್ ಅಂತ ಹೆಸರಿಟ್ಟ. ಕೆಡವಿದ್ರೂ ಸುಲಭಕ್ಕ ಸಿಡಿಯೂದಿಲ್ಲ, ಸಣ್ಣ ಕ್ಯಾಪು ಹೊಡದಾಗಷ್ಟ ಸಿಡೀತೈತಿ. ನೊಬೆಲ್ ಅಂದ್ರ ಬಹುಮಾನ ನೆನಪಾಗತೈತಿ. ನನಗ ಆ ತಮ್ಮನ್ನ ಕಳಕೊಂಡ ತಾಯಿ ಆಂಡ್ರಿಯೆಟ್ಟಾ ನೆನಪಾಗ್ತಾಳ.

ಅದ ಕಾಲಕ್ಕ ಅಮೆರಿಕಾದ ನ್ಯೂಯಾರ್ಕಿನಾಗ ಈಸ್ಟ್ ರಿವರ್ ಅನ್ನೋ ನೀರಿನ ಹಾದ್ಯಾಗ ಬಂಡೆಗಲ್ಲು ಎದ್ದು ಹಡಗು ಒಡೀತಿದ್ವು. ಜಾನ್ ನ್ಯೂಟನ್ ಅನ್ನೋ ಸೇನಾ ಎಂಜಿನಿಯರ್ ಕಲ್ಲಿನ ಹೊಟ್ಟಿಯೊಳಗ ಸುರಂಗ ಕೊರಸಿ, ಸಾವಿರಾರು ತೂತಿನಾಗ ಮದ್ದು ತುಂಬಿಸಿದ. 1876ರಾಗ ಒಂದು ಬಂಡೆ, 1885ರ ಅಕ್ಟೋಬರ್ 10ಕ್ಕ ಅದಕ್ಕಿಂತ ದೊಡ್ಡದು. ಎರಡೂ ಸಲ ವಿದ್ಯುತ್ತಿನ ಗುಂಡಿ ಒತ್ತಿದಾಕಿ ಅವನ ಮಗಳು ಮೇರಿ. ಮೊದಲ ಸಲ ಆಕಿ ಇನ್ನೂ ತೊದಲು ಮಾತಿನ ಕೂಸು. ಎರಡನೇದಕ್ಕ ಸುಮಾರು 1,36,000 ಕಿಲೋ ಮದ್ದು ಒಂದ ಕ್ಷಣಕ್ಕ ಸಿಡೀತು. ನಡುಕ 50 ಮೈಲು ಆಚಿನ ಪ್ರಿನ್ಸ್‌ಟನ್ ತನಕ ತಿಳೀತಂತ. ಮ್ಯಾಲ ನೀರು ಹೊದಿಕಿ ಇತ್ತು, ಹಿಂಗಾಗಿ ಕಲ್ಲು ಮನಿ ಮ್ಯಾಲ ಬೀಳಲಿಲ್ಲ. ನೀರಿನ ಹೊದಿಕಿ ಇಲ್ಲದ ನಮ್ಮಂಥ ಓಣ್ಯಾಗ ಹಿಂಗ ಎಲ್ಲಾ ಒಮ್ಮೆಲೆ ಸಿಡಿಸಿದ್ರ ಉಳಿಗಾಲ ಇರೂದಿಲ್ಲ.

ಹಂಗಿದ್ರ ಮನಿ ಬಾಜೂಕ ಹ್ಯಾಂಗ? ಉತ್ತರ ನಮ್ಮ ಅಡಗಿಮನ್ಯಾಗ ಐತಿ. ಬೆಲ್ಲದ ಪೆಂಟಿ ಒಡಿಯೂವಾಗ ನಟ್ಟನಡುವ ಜೋರಾಗಿ ಕುಟ್ಟಿದ್ರ ಕಟ್ಟಿ ನಡಗತೈತಿ, ಚೂರು ಮಾರಿಗೆ ಹಾರತಾವ, ಪೆಂಟಿ ಹಂಗ ಇರತೈತಿ. ಜಾಣಿಯಾದಾಕಿ ಅಂಚಿನಿಂದ ಒಡೀತಾಳ. ಒಂದು ತುಣುಕು ಬಿದ್ದ ಮ್ಯಾಲ ಅದರ ಹಿಂದಿಂದಕ್ಕ ಬೀಳಾಕ ಜಾಗಾ ಸಿಗತೈತಿ. ಬಂಡೆಗಲ್ಲಿಗೂ ಇದ ಲೆಕ್ಕ. ಮುಂದಿನ ಸಾಲು ಮೊದಲು ಸಿಡಿದು ಜಾಗಾ ಬಿಡಬೇಕು, ಹಿಂದಿನ ಸಾಲು ಆಮ್ಯಾಲ. 1940ರ ದಶಕದಾಗ ಬಳಕಿಗೆ ಬಂದ ಮಿಲಿಸೆಕೆಂಡ್ ಡಿಲೇ ಕ್ಯಾಪುಗಳು ಮಾಡಿದ ಕೆಲಸ ಇದು. ಒಂದು ತೂತಿಗೂ ಇನ್ನೊಂದಕ್ಕೂ 17 ಅಥವಾ 25 ಮಿಲಿಸೆಕೆಂಡ್ ಅಂತರ, ಅಂದ್ರ ಒಂದು ಸೆಕೆಂಡಿನ ಸಾವಿರ ಪಾಲಿನಾಗ ಹದಿನೇಳೋ ಇಪ್ಪತ್ತೈದೋ ಪಾಲು. ನಮ್ಮ ಕಿವಿಗೆ ಒಂದ ಸದ್ದು, ಆದ್ರ ನೆಲಕ್ಕ ಬೀಳೂದು ಸಣ್ಣ ಸಣ್ಣ ಪೆಟ್ಟು. ಗ್ವಾಡಿ ನಡಗೂದು ಒಟ್ಟು ಮದ್ದಿನಿಂದ ಅಲ್ಲ, ಒಂದ ಕ್ಷಣಕ್ಕ ಎಷ್ಟು ಸಿಡೀತು ಅನ್ನೂದರಿಂದ.

1950ರ ದಶಕದ ಕೊನಿಗೆ ನಯಾಗರಾ ವಿದ್ಯುತ್ ಯೋಜನಾದಾಗ ಇನ್ನೊಂದು ರೀತಿ ಹೆಸರು ಮಾಡಿತು. ಕಲ್ಲು ಎಲ್ಲೀತನಕ ಒಡೀಬೇಕೋ ಆ ಗೆರಿಗುಂಟ ಹತ್ರ ಹತ್ರ ತೂತು ಕೊರದು, ಅದರಾಗ ಹಗುರ ಮದ್ದಿಟ್ಟು, ಮೊದಲು ಆ ಗೆರೀನ ಸೀಳಿಬಿಡೂದು. ಆಮ್ಯಾಲ ಒಳಗಿನ ಕಲ್ಲು ಒಡದ್ರ ಸೀಳು ಗೆರಿ ದಾಟಿ ಹೋಗೂದಿಲ್ಲ, ಆಚಿನ ಕಲ್ಲು ಗಟ್ಟಿ ಉಳೀತೈತಿ. ಓದಿದಾಗ ನನಗ ನಗು ಬಂತು ನೋಡ್ರಿ. ಇದು ನಮ್ಮ ಹಂಪಿ ಗುಣಿ ಸಾಲ ಅಲ್ಲೇನು? ಬೆಣೆ ಜಾಗಾಕ್ಕ ಮದ್ದು ಬಂದೈತಿ, ಅಷ್ಟ.

ನಾ ಸಣ್ಣಾಕಿ ಇದ್ದಾಗ ತವರಿನ ಹಿತ್ತಲದಾಗ ಬಾವಿ ತೋಡಿದ್ರು. ಆಗ ಇದ್ಯಾವ ಲೆಕ್ಕಾನೂ ಇರಲಿಲ್ಲ. ಕುಣಿಯೊಳಗಿಂದ "ಬೆಂಕಿ ಬೆಂಕಿ" ಅಂತ ಕೂಗು ಬಂತಂದ್ರ ನಮ್ಮವ್ವ ಮಾಡದ ಮ್ಯಾಲಿನ ತಾಮ್ರದ ಹಂಡೆ, ಕೊಡ ಎಲ್ಲಾ ಕೆಳಗ ಇಳಿಸಿ, ದೀಪ ಆರಿಸಿ, ನಮ್ಮನ್ನ ಎಳಕೊಂಡು ಬ್ಯಾರೆ ಓಣಿಗೆ ಓಡೂದು. ಹೊಳ್ಳಿ ಬಂದ್ರ ಹಿಂದಿನ ಗ್ವಾಡಿಗೆ ಹೊಸಾ ಸೀಳು. ಕೇಳಿದ್ರ "ಹಳೇದ ಇರಬೇಕವಾ, ನೀ ಈಗ ನೋಡಿ" ಅನ್ನಾವರು. ಅವ್ವನ ಹತ್ರ ಪುರಾವೆ ಇರಲಿಲ್ಲ. ತಾನ ಸೆಗಣಿ-ಮಣ್ಣು ಕಲಿಸಿ ಮೆತ್ತತಿದ್ದಳು.

ಈಗ ಪುರಾವೆಗೆ ಅಂಕಿ ಅದಾವ. ನಮ್ಮ ದೇಶದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಾಗ ಒಂದು ಸುತ್ತೋಲೆ ಹೊರಡಿಸಿತು. ನೆಲದ ಕಣ ಓಲಾಡೋ ವೇಗವನ್ನ ಒಂದು ಯಂತ್ರದಾಗ ಅಳೀತಾರ. ಬ್ಯಾರೆಯವರ ವಾಸದ ಮನಿ ಹತ್ರ ನಡುಕ ನಿಧಾನದ್ದಿದ್ರ, ಅಂದ್ರ ಸೆಕೆಂಡಿಗೆ 8 ಸುತ್ತಿಗಿಂತ ಕಡಿಮಿ ಇದ್ರ, ವೇಗ ಸೆಕೆಂಡಿಗೆ 5 ಮಿಲಿಮೀಟರ್ ದಾಟಬಾರದು. 8ರಿಂದ 25 ಸುತ್ತಿಗೆ 10, ಅದಕ್ಕೂ ಮ್ಯಾಲ 15. ನಿಧಾನದ ಓಲಾಟ ಮನಿಗೆ ಹೆಚ್ಚು ಕೆಟ್ಟದ್ದು, ಅದಕ್ಕ ಅಲ್ಲಿ ಕಟ್ಟುನಿಟ್ಟು. ಹಳೇ ಐತಿಹಾಸಿಕ ಕಟ್ಟಡಗಳಿಗೆ ಇನ್ನೂ ಬಿಗಿ: 2, 5, 10. ಬೆಣೆಯಿಂದ ಕಲ್ಲು ಸೀಳಿ ಕಟ್ಟಿದಂಥಾ ಗುಡಿಗಳಿಗೆ ಈ 2ರ ಲೆಕ್ಕ. ಸುತ್ತೋಲೆ ಬರದದ್ದು ಗಣಿಗಳಿಗೆ, ಆದ್ರ ಬ್ಯಾರೆ ಕೆಲಸದಾಗೂ ಅದನ್ನ ಅಳತಿ ಮಾಡಿಕೊಳ್ತಾರ. ನಮ್ಮ ಮೈಗೆ 1 ಮಿಲಿಮೀಟರ್ ಒಳಗಿನ ನಡುಕನೂ ತಿಳೀತೈತಿ. ಹಿಂಗಾಗಿ ನಡುಕ ಬಂದ ಕೂಡಲೇ ಗ್ವಾಡಿ ಹೋತು ಅಂತ ಹೆದರಬಾರದು, ಹಂಗಂತ ಅಳೀದ ಬಿಡಾಕೂ ಬಾರದು.

ಮದ್ದಿನ ಕಾಯ್ದೆ 1884ರಿಂದ ಐತಿ, ಈಗಿನ ನಿಯಮ 2008ರವು. ಲೈಸನ್ಸ್ ಇಲ್ಲದವರು ಮದ್ದು ಮುಟ್ಟಂಗಿಲ್ಲ. ಮೀರಿದ್ರ ಏನಾಗತೈತಿ ಅನ್ನೂದನ್ನ 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಾಗ ನೋಡಿದ್ವಿ. ಕ್ವಾರಿ ಹತ್ರ ನಿಂತ ಲಾರಿಯೊಳಗಿನ ಮದ್ದು ಸಿಡಿದು ದುಡಿಯಾಕ ಬಂದವರು ಸತ್ರು. ಸುತ್ತಿನ ಜಿಲ್ಲಾದವರು ಭೂಕಂಪ ಅಂತ ಮಕ್ಕಳನ್ನ ಎತ್ತಿಕೊಂಡು ಹೊರಗ ಬಂದ್ರು. ಮರು ತಿಂಗಳ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ರ ಮತ್ತ ಆರು ಮಂದಿ ಹೋದ್ರು.

ಮದ್ದಿಲ್ಲದ ದಾರಿನೂ ಅದಾವ. ಜೆಸಿಬಿಗೆ ಬ್ರೇಕರ್ ಹಚ್ಚಿ ಕುಟ್ಟೂದು ಒಂದು. ಇನ್ನೊಂದು ನಮಗ ಪರಿಚಯದ್ದ, ಸುಣ್ಣ. ಸುಟ್ಟ ಸುಣ್ಣದ ಹಳ್ಳಿಗೆ ನೀರು ಹಾಕಿದ್ರ ಕಾದು ಉಬ್ಬತೈತಲ್ಲ, ಅದ ಗುಣ ಹಿಡಿದು ಜಪಾನಿನವರು 1970ರ ದಶಕದ ಕೊನಿಗೆ ಒಂದು ಪುಡಿ ಮಾರಾಟಕ್ಕ ತಂದ್ರು. ಸಾಲಾಗಿ ತೂತು ಕೊರದು, ಪುಡಿ ನೀರಾಗ ಕಲಿಸಿ ಹುಯ್ದು ಬಿಟ್ರ ಸುಮಾರು ಒಂದು ದಿನದಾಗ ಕಲ್ಲು ಸದ್ದಿಲ್ಲದ ಸೀಳತೈತಿ. ರೊಕ್ಕ, ಟೈಮು ಎರಡೂ ಹೆಚ್ಚು ಬೇಕು. ಒಮ್ಮೊಮ್ಮೆ ತೂತಿನ ಬಾಯಿಂದ ಚಿಮ್ಮತೈತಿ, ಬಗ್ಗಿ ನೋಡಬಾರದು.

ನಿಮ್ಮ ಬಾಜೂಕ ಮದ್ದಿಡಾಕ ಯಾರರ ಬಂದ್ರ ಹಿಂಗ ಕೇಳ್ರಿ. ಲೈಸನ್ಸ್ ಮತ್ತು ಬ್ಲಾಸ್ಟರ್ ಸರ್ಟಿಫಿಕೇಟ್ ತೋರಸ್ರಿ ಅನ್ರಿ. ಒಂದು ಡಿಲೇಕ್ಕ ಎಷ್ಟು ಮದ್ದು? ಕಲ್ಲು ಹಾರದಂಗ ಉಸುಕಿನ ಚೀಲ, ಹಳೇ ಟೈರಿನ ಚಾಪಿ ಹೊದಸ್ತೀರೇನು? ನಡುಕ ಅಳಿಯೋ ಯಂತ್ರ ಯಾರ ಮನಿ ಹತ್ರ ಇಡ್ತೀರಿ? ಸೈರನ್ ಎಷ್ಟು ಸಲ? ಕೆಲಸ ಮುಗೀತು ಅನ್ನೋ ಸೈರನ್ ಆಗೂತನಕ ಹೊಳ್ಳಿ ಮನಿಯೊಳಗ ಕಾಲಿಡಬ್ಯಾಡ್ರಿ. ಬಣ್ಣದ ವಾಯರ್, ಕಡ್ಡಿ ಬಿದ್ದಿದ್ರ ಮಕ್ಕಳು ಮುಟ್ಟದಂಗ ನೋಡಿ, ಕೆಲಸದವರನ್ನ ಕರೀರಿ.

ಎಲ್ಲಾಕ್ಕೂ ಮೊದಲು, ಹಿಂದಿನ ದಿನ ಮೊಬೈಲ್ ತಗೊಂಡು ಮನಿಯ ಎಲ್ಲಾ ಗ್ವಾಡಿ, ಛತ್ತು, ನೀರಿನ ಟಾಕಿ ಫೋಟೋ ಹೊಡೀರಿ. ಈಗ ಇರೋ ಸೀಳಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೆರಿ ಎಳದು ತಾರೀಖು ಬರೀರಿ. ಕೆಲಸ ಮಾಡಸಾವರ ಮುಂದನ ಬರೀರಿ, ಅವರ ಸಹೀನೂ ಹಾಕಸ್ರಿ. ನಿಮ್ಮ ಓಣ್ಯಾಗ ಇಂಥಾದ್ದು ನಡದಿದ್ರ ಏನೇನು ಕೇಳಿದ್ರಿ, ಏನು ಉತ್ತರ ಬಂತು, ನನಗೂ ತಿಳಸ್ರಿ. ಮುಂದಿನ ಸಲ ಬಾವಿ ಕತಿ ಬರೀತೀನಿ.